‘ಸೆಗುಂದೊ ಪ್ರೆಮಿಯೊ’: ಬೇಸ್ ನುಡಿಸುವವರು ಎದ್ದು ಹೋದ ಮೇಲೆ

ಮಂಗಳೂರಿನ ಕಂಕನಾಡಿಯ ಒಂದು ಗ್ಯಾರೇಜಿನ ಮೇಲೆ, ತಗಡಿನ ಮಾಡಿನ ಕೋಣೆಯಲ್ಲಿ ನಮ್ಮ ನಾಲ್ವರ ಬ್ಯಾಂಡು ಆರು ವರ್ಷ ಪ್ರಾಕ್ಟೀಸ್ ಮಾಡಿತ್ತು. ನಾನು ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದೆ. ರಶ್ ಇದ್ದ ದಿನ ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೇ ಜಾಗ, ಗಿಟಾರ್ ಮಡಿಲಲ್ಲಿ. ಸ್ಪೇನಿನ ಲೋಸ್ ಪ್ಲಾನೆತಾಸ್ ಬ್ಯಾಂಡಿನ 1998ರ ಆಲ್ಬಮ್ಮಿನ ಹೆಸರಿಗೆ ‘ಬಸ್ಸಿನ ಇಂಜಿನ್‌ನಲ್ಲಿ ಒಂದು ವಾರ’ ಎಂದು ಅರ್ಥ ಅಂತ ಗೊತ್ತಾದಾಗ ಆ ಬಿಸಿ ಮತ್ತೆ ತೊಡೆಗೆ ತಾಗಿತು.

ಆ ಆಲ್ಬಮ್ ಹುಟ್ಟಿದ ಕಾಲದ ಕಥೆಯೇ ‘ಸೆಗುಂದೊ ಪ್ರೆಮಿಯೊ’ ಎಂಬ ಈ ಸ್ಪ್ಯಾನಿಷ್ ಸಿನಿಮಾ. ಹೆಸರಿನ ಅರ್ಥ ‘ಎರಡನೇ ಬಹುಮಾನ’, ಆಲ್ಬಮ್ಮಿನ ಮೊದಲ ಹಾಡಿನ ಹೆಸರೂ ಅದೇ. ನಿರ್ದೇಶಕರು ಇಬ್ಬರು: ಇಸಾಕಿ ಲಕುಯೆಸ್ತಾ ಮತ್ತು ಪೋಲ್ ರೊದ್ರಿಗೆಸ್. 2024ರ ಮಾಲಗಾ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಬಂತು, ಮರುವರ್ಷ ಸ್ಪೇನಿನ ಗೋಯಾ ಸಿನಿಮಾ ಪ್ರಶಸ್ತಿ ನಿರ್ದೇಶನಕ್ಕೂ ಧ್ವನಿಗೂ ಬಂತು.

ಸ್ಪೇನಿನ ಗ್ರನಾಡಾ ಊರು, ತೊಂಬತ್ತರ ದಶಕದ ಕೊನೆ. ಹೆಸರು ಬರುತ್ತಿರುವ ಬ್ಯಾಂಡು, ಮೂರನೇ ಆಲ್ಬಮ್ ಬಾಕಿ. ಬೇಸ್, ಅಂದರೆ ಹಾಡಿಗೆ ತಳದ ದಪ್ಪ ದನಿ ಕೊಡುವ ಗಿಟಾರ್, ನುಡಿಸುವ ಹುಡುಗಿ ಬಿಟ್ಟು ಹೋಗುತ್ತಾಳೆ. ಗಿಟಾರಿಸ್ಟ್ ಡ್ರಗ್ಸ್‌ನಲ್ಲಿ ಮುಳುಗುತ್ತಿದ್ದಾನೆ. ಹಾಡುವವನು ಹಾಡು ಬರೆಯಬೇಕು, ನ್ಯೂಯಾರ್ಕಿಗೆ ಹೋಗಿ ರೆಕಾರ್ಡ್ ಮಾಡಬೇಕು.

ಬ್ಯಾಂಡಿನ ಸಿನಿಮಾ ಅಂದರೆ ಸಾಮಾನ್ಯವಾಗಿ ದೊಡ್ಡ ಸ್ಟೇಜು, ಕೂಗುವ ಜನ. ಇಲ್ಲಿ ಹೆಚ್ಚಾಗಿ ಇರುವುದು ಹಾಡುವವನು, ಗಿಟಾರಿಸ್ಟ್ ಈ ಇಬ್ಬರು ಗೆಳೆಯರ ನಡುವಿನ ಮೌನ. ಅದನ್ನು ಇಷ್ಟು ಸರಿಯಾಗಿ ತೋರಿಸಿದ್ದು ನಾನು ಬೇರೆಲ್ಲೂ ನೋಡಿಲ್ಲ. ನಮ್ಮ ಬೇಸ್ ಹುಡುಗ ಸೌದಿಯ ದಮ್ಮಾಮ್‌ಗೆ ಕೆಲಸಕ್ಕೆ ಹೋದಾಗ ನಾವು ಜಗಳ ಆಡಲಿಲ್ಲ, ಬೀಳ್ಕೊಡುಗೆಯನ್ನೂ ಮಾಡಲಿಲ್ಲ. ಮುಂದಿನ ಶನಿವಾರ ಮದುವೆ ಪ್ರೋಗ್ರಾಂ ಇತ್ತು. ಕೀಬೋರ್ಡಿನವನ ಎಡಗೈಗೆ ಬೇಸ್ ಒಪ್ಪಿಸಿ ನುಡಿಸಿದೆವು. ಜನ ಕುಣಿದರು. ಹಾಡು ಮಾತ್ರ ನೆಲ ಬಿಟ್ಟು ತೇಲುತ್ತಿತ್ತು, ಅದು ನಮ್ಮ ಮೂವರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಈ ಸಿನಿಮಾದ ಆ ಇಬ್ಬರು ಹುಡುಗರೂ ಹಾಗೆಯೇ. ಬೇಸ್ ಹುಡುಗಿ ಇಲ್ಲ ಎಂಬುದನ್ನು ಹಾಡಿನಲ್ಲಿ ಹೇಳುತ್ತಾರೆ, ಎದುರುಬದುರು ಕೂತಾಗ ಹೇಳುವುದಿಲ್ಲ.

ಗಿಟಾರಿಸ್ಟ್ ಪಾತ್ರದ ಕ್ರಿಸ್ತಲಿನೊ ನಿಜಕ್ಕೂ ಸಂಗೀತಗಾರ. ಕೈ ನೋಡಿದರೆ ತಿಳಿಯುತ್ತದೆ ಮಾರಾಯ್ರೆ, ನಮ್ಮಂಥವರ ಕಣ್ಣು ಮೊದಲು ಬೆರಳಿಗೇ ಹೋಗುವುದು.

ಕೊರತೆಯೂ ಉಂಟು. ಕಥೆ ಹೇಳುವ ದನಿ ಆಗಾಗ ಬದಲಾಗುತ್ತದೆ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸುಳ್ಳು. ನೆನಪು ಹಾಗೇ ಇರುತ್ತದೆ, ಒಪ್ಪುತ್ತೇನೆ. ಆದರೆ ಬ್ಯಾಂಡಿನ ಪರಿಚಯವೇ ಇಲ್ಲದವರಿಗೆ ಮೊದಲ ಅರ್ಧ ಗಂಟೆ ಕಷ್ಟ. ನಡುವೆ ಡ್ರಗ್ಸ್‌ನ ಭಾಗ ಎಳೆದ ಹಾಗೆ ಅನಿಸಿತು. ನನ್ನ ಹೆಂಡತಿ ಅಲ್ಲಿಗೇ ಎದ್ದು ಹೋಗಿ ಮಲಗಿದಳು. ಹಾಡಿನ ಸಾಲುಗಳ ಸಬ್‌ಟೈಟಲ್ ತಪ್ಪಿಸಬೇಡಿ, ಅರ್ಧ ಕಥೆ ಅಲ್ಲೇ ಇದೆ.

ಮೊದಲ ಸಲ ಉಡುಪಿ ಬನ್ನಂಜೆಯ ಮನೆಯಲ್ಲಿ ಲ್ಯಾಪ್‌ಟಾಪ್ ಸ್ಪೀಕರಿನಲ್ಲೇ ಶುರು ಮಾಡಿದ್ದೆ. ಹೊರಗೆ ಮಳೆ, ಒಳಗೆ ಬರೀ ಗಿಟಾರಿನ ಚೀರಾಟ, ಬೇಸ್ ಎಂಬುದೇ ಇಲ್ಲ. ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ, ಹೆಡ್‌ಫೋನ್ ಹುಡುಕಿ ತಂದು, ಮೊದಲಿಂದ ನೋಡಿದೆ. ನೀವೂ ಹಾಗೇ ನೋಡಿ.