ಕಾಳಿ ನದಿಯ ಅಳಿವೆಯಲ್ಲಿ ಇಂಗ್ಲಿಷ್ ಖಲಾಸಿಯ ಒಂದು ಪಾಳಿ: ದೋಣಿ ಪ್ರವಾಸದ ವಿಮರ್ಶೆ

ಕಾರವಾರದ ಕೋಡಿಬಾಗದಿಂದ ಬೆಳಿಗ್ಗೆ ಏಳಕ್ಕೆ ಹೊರಟು, ಕಾಳಿ ನದಿಯ ಅಳಿವೆಯನ್ನು ಸುತ್ತಿ ಹನ್ನೊಂದಕ್ಕೆ ಮರಳುವ ದೋಣಿ ಪ್ರವಾಸವೊಂದಕ್ಕೆ ಈ ಜನವರಿಯಲ್ಲಿ ತಂಗಿಯ ಮಗಳೊಡನೆ ಹೋಗಿದ್ದೆ. ತಲೆಗೆ 600 ರೂಪಾಯಿ. ಡಾಲ್ಫಿನ್ ತೋರಿಸುವ ದೋಣಿಗಳು ಇಲ್ಲಿ ಬೇಕಾದಷ್ಟಿವೆ. ಈ ಪ್ರವಾಸದ ವಿಷಯವೇ ಬೇರೆ. 17ನೆಯ ಶತಮಾನದಲ್ಲಿ ಇದೇ ನೀರಿನಲ್ಲಿ ಲಂಗರು ಹಾಕುತ್ತಿದ್ದ ಇಂಗ್ಲಿಷ್ ಹಡಗುಗಳ ಸಾಮಾನ್ಯ ಖಲಾಸಿಗಳು ಹೇಗೆ ಬದುಕಿದರು ಎಂಬುದನ್ನು ಇಲ್ಲಿ ಹೇಳುತ್ತಾರೆ. ಶಿರಸಿಯ ಕಡೆಯ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸನ್ನು ಕೊಯ್ಯುತ್ತಲೇ ಬೆಳೆದ ನನಗೆ, ಘಟ್ಟದ ಮೇಲಿನ ಮೆಣಸಿನ ಆಸೆಯಿಂದ 1638ರಲ್ಲಿ ಕೋರ್ಟೀನ್ ಸಂಘವೆಂಬ ವ್ಯಾಪಾರಿ ಕೂಟದ ಇಂಗ್ಲಿಷರು ಕಾರವಾರದಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆದ ಸಂಗತಿ ಮೊದಲೇ ತಿಳಿದಿತ್ತು. ಆದರೆ ಆ ಮೂಟೆಗಳನ್ನು ಹಡಗಿನ ಹೊಟ್ಟೆಗೆ ತುಂಬಿದ ಕೈಗಳು ಯಾರವು ಎಂದು ನಾನು ಎಂದೂ ಕೇಳಿಕೊಂಡಿರಲಿಲ್ಲ.

ಪ್ರವಾಸಕ್ಕೆ ನಾಲ್ಕು ಗಂಟೆಯ ಅವಧಿಯನ್ನು ಬೇಕೆಂದೇ ಇಟ್ಟಿದ್ದಾರೆ, ಏಕೆಂದರೆ ಹಡಗಿನ ಒಂದು ಪಾಳಿ ಅಷ್ಟೇ ಇರುತ್ತಿತ್ತು. ಮೊಬೈಲುಗಳನ್ನೂ ಕೈಗಡಿಯಾರಗಳನ್ನೂ ಚೀಲಕ್ಕೆ ಹಾಕಿಸಿ, ಅರ್ಧ ಗಂಟೆಯ ಮರಳಿನ ಗಡಿಯಾರವೊಂದನ್ನು ದೋಣಿ ನಡೆಸುವ ತಾಂಡೇಲರು ನಮ್ಮ ಮುಂದಿಡುತ್ತಾರೆ. ಮರಳು ಇಳಿದಾಗಲೆಲ್ಲ ಅದನ್ನು ಮಗುಚಿ ಗಂಟೆ ಬಾರಿಸಬೇಕು. ಎಂಟು ಸಲ ಬಾರಿಸಿದರೆ ಪಾಳಿ ಮುಗಿಯಿತು. ಇಂಗ್ಲೆಂಡಿನಿಂದ ಇಲ್ಲಿಗೆ ಬರಲು ಆರರಿಂದ ಎಂಟು ತಿಂಗಳು ಹಿಡಿಯುತ್ತಿದ್ದ ಕಾಲದಲ್ಲಿ, ನಾಲ್ಕು ಗಂಟೆ ದುಡಿದು ನಾಲ್ಕು ಗಂಟೆ ಮಲಗುವ, ಆ ನಿದ್ದೆಯಲ್ಲೂ ಗಾಳಿ ಕೆಟ್ಟರೆ ಎದ್ದೋಡಿ ಹಾಯಿ ಸುತ್ತಬೇಕಾದ ಬದುಕನ್ನು ಈ ಚಿಕ್ಕ ಗಾಜಿನ ಬುರುಡೆ ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ತಿಳಿಸಿತು.

ಊಟದ ಭಾಗ ಎಲ್ಲಕ್ಕಿಂತ ಉತ್ತಮವಾಗಿದೆ. ಹಿಟ್ಟು ಮತ್ತು ನೀರನ್ನಷ್ಟೇ ಕಲಸಿ, ಕಲ್ಲಿನಂತಾಗುವವರೆಗೆ ಬೇಯಿಸಿ ಒಣಗಿಸಿದ ಬಿಸ್ಕತ್ತನ್ನು ಕೈಗೆ ಕೊಡುತ್ತಾರೆ. ಅದನ್ನು ಹಲ್ಲಿನಿಂದ ಕಚ್ಚಲಾಗದು. ಬಟಾಣಿಯ ಸಾರಿನಲ್ಲಿ ನೆನೆಸಿಯೇ ತಿನ್ನಬೇಕು. 1677ರ ಇಂಗ್ಲಿಷ್ ನೌಕಾಪಡೆಯ ಕರಾರಿನಂತೆ ಪ್ರತಿಯೊಬ್ಬನಿಗೆ ದಿನಕ್ಕೆ ಒಂದು ಪೌಂಡ್ ಬಿಸ್ಕತ್ತು ಮತ್ತು ಒಂದು ಗ್ಯಾಲನ್ ಬಿಯರ್ ಸಲ್ಲಬೇಕಿತ್ತು, ಜೊತೆಗೆ ವಾರದ ಕೆಲವು ದಿನ ಉಪ್ಪು ಹಾಕಿದ ಮಾಂಸ, ಉಳಿದ ದಿನ ಮೀನು. ಮೀನು ತಿನ್ನುವವರಿಗೆ ಇಲ್ಲಿಯ ಒಣಮೀನನ್ನು ಬಡಿಸಿದರು. ನಮಗೆ ಬಟಾಣಿಯೇ ಸಾಕಾಯಿತು. ಬಳಿಕ ಒಬ್ಬೊಬ್ಬರಿಗೂ ಮೂರು ಚಮಚ ಲಿಂಬೆರಸ ಕೊಟ್ಟು, ಈಸ್ಟ್ ಇಂಡಿಯಾ ಕಂಪನಿಯ ಮೊದಲ ಯಾನದ ಕಥೆ ಹೇಳಿದರು. 1601ರಲ್ಲಿ ಆ ಯಾನದ ಮುಖ್ಯಸ್ಥ ಜೇಮ್ಸ್ ಲ್ಯಾಂಕಾಸ್ಟರ್ ತನ್ನ ಹಡಗಿನವರಿಗೆ ಪ್ರತಿ ಬೆಳಿಗ್ಗೆ ಹೀಗೆಯೇ ಲಿಂಬೆರಸ ಕುಡಿಸಿದ್ದ. ಆಫ್ರಿಕದ ತುದಿ ಮುಟ್ಟುವಾಗ ಅವನವರು ಗಟ್ಟಿಯಾಗಿದ್ದರೆ, ಉಳಿದ ಮೂರು ಹಡಗುಗಳಲ್ಲಿ ಲಂಗರು ಇಳಿಸುವ ತ್ರಾಣವೂ ಇಲ್ಲದೆ ಅವನ ಜನರೇ ಹೋಗಿ ನೆರವಾಗಬೇಕಾಯಿತು. ಒಸಡು ಊದಿ, ಹಲ್ಲು ಅಲುಗಾಡಿ, ಮಾಯ್ದ ಗಾಯಗಳೂ ಮತ್ತೆ ಬಾಯಿಬಿಡುವ ಸ್ಕರ್ವಿ ರೋಗವನ್ನು ಒಂದು ಹಣ್ಣು ತಡೆಯುತ್ತಿತ್ತೆಂಬುದು ಕಣ್ಣೆದುರಿಗಿದ್ದರೂ ಆ ಪದ್ಧತಿ ಎಲ್ಲ ಹಡಗುಗಳಿಗೂ ಹಬ್ಬಲಿಲ್ಲ. ಮನೆಯಲ್ಲಿ ಲಿಂಬೆ ಉಪ್ಪಿನಕಾಯಿಯ ಭರಣಿ ಎಂದೂ ಬರಿದಾಗದ ನಮಗೆ ಇದನ್ನು ಕೇಳುವುದು ಸಂಕಟದ ಸಂಗತಿ.

ಆ ಬಳಿಕ ಪ್ರವಾಸ ದಾರಿ ತಪ್ಪುತ್ತದೆ. ಸುಮಾರು ಮುಕ್ಕಾಲು ಗಂಟೆ, ಕಡಲ್ಗಳ್ಳನೆಂದು ಹೆಸರಾದ ಕ್ಯಾಪ್ಟನ್ ಕಿಡ್‌ಗೇ ಮೀಸಲು. 1697ರ ಸೆಪ್ಟೆಂಬರಿನಲ್ಲಿ ಅವನು ನೀರು ಮತ್ತು ಸೌದೆಗಾಗಿ ಕಾರವಾರಕ್ಕೆ ಬಂದದ್ದೂ ಕೆಲವು ಖಲಾಸಿಗಳು ಇಲ್ಲಿ ಅವನನ್ನು ಬಿಟ್ಟು ಓಡಿದ್ದೂ ನಿಜ. ತಾಂಡೇಲರು ಸೊಗಸಾಗಿಯೇ ಹೇಳಿದರು. "ಅಣ್ಣಾ, ಅವರು ಓಡಿದ್ದು ಯಾಕೆ?" ಎಂದು ನಮ್ಮ ಹುಡುಗಿ ಕೇಳಿದಾಗ ಮಾತ್ರ "ಹೆದರಿಕೆ, ತಂಗೀ" ಎಂದು ಮುಗಿಸಿಬಿಟ್ಟರು. ಆ ಹಡಗಿನಲ್ಲಿ ಸಂಬಳವಿರಲಿಲ್ಲ, ಹಿಡಿದ ಮಾಲಿನಲ್ಲಿ ಪಾಲು ಮಾತ್ರ ಇತ್ತು. ವರ್ಷ ಕಳೆದರೂ ಕೈಗೆ ಏನೂ ಬಂದಿರಲಿಲ್ಲ ಎಂಬುದನ್ನು ಹೇಳಲೇಬೇಕಿತ್ತು. ಖಲಾಸಿಯ ಕೂಲಿಯ ಲೆಕ್ಕವೇ ಈ ಪ್ರವಾಸದಲ್ಲಿ ಇಲ್ಲ. 1653ರಿಂದ ನೌಕಾಪಡೆಯ ಪಳಗಿದ ನಾವಿಕನಿಗೆ ತಿಂಗಳಿಗೆ 24 ಷಿಲಿಂಗ್ ಗೊತ್ತುಮಾಡಿದ್ದರೂ, ಹಲವು ಸಲ ನಗದಿನ ಬದಲು ಮುಂದೆ ಹಣ ಕೊಡುವೆವೆಂಬ ಚೀಟಿ ಸಿಗುತ್ತಿತ್ತು, ಹೊಟ್ಟೆಪಾಡಿಗೆ ಅದನ್ನು ಕಡಿಮೆ ಬೆಲೆಗೆ ಮಾರಬೇಕಾಗುತ್ತಿತ್ತು. ವ್ಯಾಪಾರಿ ಹಡಗುಗಳಲ್ಲಿ ಸರಕು ಕೆಟ್ಟರೆ ಅದನ್ನು ಖಲಾಸಿಯ ಕೂಲಿಯಿಂದಲೇ ಮುರಿದುಕೊಳ್ಳುತ್ತಿದ್ದರು. 1659ರಲ್ಲಿ ಕಡಲಿಗಿಳಿದ ಇಂಗ್ಲಿಷ್ ಖಲಾಸಿ ಎಡ್ವರ್ಡ್ ಬಾರ್ಲೋ ಡಚ್ಚರ ಸೆರೆಯಲ್ಲಿ ಕುಳಿತು ಬರೆಯತೊಡಗಿದ ದಿನಚರಿಯಲ್ಲಿ ಈ ಅನ್ಯಾಯವನ್ನು ಮತ್ತೆ ಮತ್ತೆ ತೋಡಿಕೊಂಡಿದ್ದಾನೆ. ಕಿಡ್‌ನಿಂದ ಕಾಲು ಗಂಟೆ ತೆಗೆದು ಬಾರ್ಲೋಗೆ ಕೊಡಿರೆಂದು ತಾಂಡೇಲರಲ್ಲಿ ಕೇಳಿಕೊಂಡೆ. ಅವರು ಹೆಸರನ್ನು ಬರೆದುಕೊಂಡರು.

ದೋಣಿಗೆ ನೆರಳಿಲ್ಲದ ಕಾರಣ ವಯಸ್ಸಾದವರು ಟೋಪಿ ಒಯ್ಯಬೇಕು. ಲೈಫ್ ಜಾಕೆಟ್ ಎಲ್ಲರಿಗೂ ಕೊಡುತ್ತಾರೆ. ಇಳಿಯುವಾಗ ಬಟ್ಟೆಯ ಪೊಟ್ಟಣದಲ್ಲಿ ಒಂದು ಹಿಡಿ ಕಾಳುಮೆಣಸು ಕೈಗಿಡುವುದು ಒಳ್ಳೆಯ ಯೋಚನೆ, ಆದರೆ ನನಗೆ ಸಿಕ್ಕಿದ್ದು ಅರ್ಧಕ್ಕರ್ಧ ಜೊಳ್ಳು. ಈ ವರ್ಷದ ಕೊಯ್ಲು ಒಣಗಿದ ಕೂಡಲೇ ಐದು ಕಿಲೋ ನಾನೇ ಕಳಿಸುವುದಾಗಿ ಹೇಳಿ ಬಂದಿದ್ದೇನೆ.