ಹನ್ನೊಂದು ವರ್ಷ ಆಡಿದವಳಿಗೆ ಕಂಡ ಜಾಂಥಿರ್ ವೈಲ್ಡ್ಸ್: ಮೊದಲ ಒಂದು ತಿಂಗಳು

ವರಮಹಾಲಕ್ಷ್ಮಿ ಹಬ್ಬ ಮುಗಿದು ನಾಲ್ಕು ದಿನ ಆಗಿತ್ತು. 2024ರ ಆಗಸ್ಟ್ 20, ಮಂಗಳವಾರ ರಾತ್ರಿ. ಊಟ ಮುಗಿಸಿ, ಅಡುಗೆಮನೆ ಒರೆಸಿ, ಕಂಪ್ಯೂಟರ್ ಮುಂದೆ ಕೂತೆ. ಗಿಲ್ಡ್ ವಾರ್ಸ್ 2 ಅನ್ನುವ ಆನ್‌ಲೈನ್ ಗೇಮ್‌ನ ಐದನೇ ಎಕ್ಸ್‌ಪಾನ್ಷನ್ (ಗೇಮ್‌ಗೆ ಹೊಸ ಜಾಗ, ಹೊಸ ಕಥೆ ಸೇರಿಸುವ ಭಾಗ) 'ಜಾಂಥಿರ್ ವೈಲ್ಡ್ಸ್' ಅವತ್ತೇ ಬಿಡುಗಡೆ. ಆಮೇಲೆ ಗಣೇಶನ ಹಬ್ಬವೂ ಮುಗಿಯಿತು. ಸುಮಾರು ಒಂದು ತಿಂಗಳು ದಿನಕ್ಕೆ ಒಂದೆರಡು ಗಂಟೆ, ಶನಿವಾರ ಭಾನುವಾರ ಸ್ವಲ್ಪ ಜಾಸ್ತಿ ಆಡಿದೆ. ತಗೊಳ್ಳಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಾನು ಈ ಗೇಮ್ ಶುರು ಮಾಡಿದ್ದು 2013ರಲ್ಲಿ. ಗೇಮ್ ಬಂದಿದ್ದು 2012ರ ಆಗಸ್ಟ್‌ನಲ್ಲಿ. ಆಗ ಲೆವೆಲ್‌ನ ಮಿತಿ 80 ಇತ್ತು. ಈಗಲೂ 80. ಇಷ್ಟು ಎಕ್ಸ್‌ಪಾನ್ಷನ್ ಬಂದರೂ ಆ ಸಂಖ್ಯೆ ಕದಲಿಲ್ಲ. ಈ ಗೇಮ್ ಗೊತ್ತಿಲ್ಲದವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಮಾತು. ಬೇರೆ ಆನ್‌ಲೈನ್ ಗೇಮ್‌ಗಳಲ್ಲಿ ಹೊಸ ಎಕ್ಸ್‌ಪಾನ್ಷನ್ ಬಂದ ದಿನ ಹಳೆಯ ಕತ್ತಿ, ಹಳೆಯ ಕವಚ ಎಲ್ಲ ಮೂಲೆಗೆ ಹೋಗುತ್ತದೆ. ವರ್ಷಗಟ್ಟಲೆ ಒದ್ದಾಡಿ ಮಾಡಿಸಿದ್ದನ್ನು ಹೊಸ ಊರಿನ ಮೊದಲ ಕೆಲಸಕ್ಕೆ ಸಿಗುವ ಬಹುಮಾನ ಮೀರಿಸುತ್ತದೆ. ಇಲ್ಲಿ ಹಾಗಲ್ಲ. ನನ್ನ ಎಲಿಮೆಂಟಲಿಸ್ಟ್ (ಬೆಂಕಿ, ನೀರಿನಂಥ ಶಕ್ತಿಗಳಿಂದ ಹೋರಾಡುವ ಮಾಂತ್ರಿಕ ಪಾತ್ರ) ಹಾಕಿಕೊಂಡಿರುವ 'ಅಸೆಂಡೆಡ್' ಅನ್ನುವ ಮೇಲಿನ ದರ್ಜೆಯ ಅಂಗಿ ನಾನು 2014ರಲ್ಲಿ ಹೊಲಿದದ್ದು. ಅದಕ್ಕೆ ಡಮಾಸ್ಕ್ ಬಟ್ಟೆ ಬೇಕಿತ್ತು. ಅದಕ್ಕೆ ಬೇಕಾದ ರೇಷ್ಮೆ ದಾರ ದಿನಕ್ಕೆ ಒಂದೇ ಉಂಡೆ ಮಾಡಬಹುದಿತ್ತು. ದಿನಾ ಲಾಗಿನ್ ಆಗಿ ಒಂದು ದಾರ, ಮರುದಿನ ಇನ್ನೊಂದು, ಹೀಗೆ ಕೂಡಿಸಿ ಕೂಡಿಸಿ ಪೂರ್ತಿ ಸೆಟ್ ಆಗುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಆ ಅಂಗಿಯಲ್ಲೇ ಮೊನ್ನೆ ಜಾಂಥಿರ್‌ಗೆ ಇಳಿದೆ. ಒಂದು ಗುಂಡಿಯೂ ಬದಲಿಸಬೇಕಾಗಿ ಬರಲಿಲ್ಲ.

2024ರಲ್ಲಿ ಬೆಲೆ 24.99 ಡಾಲರ್ ಇತ್ತು. ಕೊಂಡಾಗಿನ ಲೆಕ್ಕದಲ್ಲಿ ಸುಮಾರು 2,100 ರೂಪಾಯಿ, ಮೇಲೆ ಕಾರ್ಡಿನವರ ಶುಲ್ಕ. ತಿಂಗಳ ಚಂದಾ ಇಲ್ಲ, ಮೊದಲಿನಿಂದಲೂ ಇರಲಿಲ್ಲ. ಹಾಗಾಗಿ ಹಣದ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಹಳಬರು ಒಂದು ವಿಷಯ ತಿಳಿದುಕೊಂಡೇ ಕೊಳ್ಳಬೇಕು. 2017ರಲ್ಲಿ 'ಪಾತ್ ಆಫ್ ಫೈರ್' ಬಂದಾಗ 30 ಡಾಲರ್‌ಗೆ ಮೊದಲ ದಿನವೇ ಐದು ದೊಡ್ಡ ಮ್ಯಾಪ್ ಸಿಕ್ಕಿದ್ದವು. ಜೊತೆಗೆ ಒಂಬತ್ತೂ ಪ್ರೊಫೆಷನ್‌ಗೆ (ಎಲಿಮೆಂಟಲಿಸ್ಟ್, ರೇಂಜರ್ ಥರದ ಪಾತ್ರದ ಬಗೆಗಳಿಗೆ) ಹೊಸ ಎಲೀಟ್ ಸ್ಪೆಷಲೈಸೇಷನ್, ಅಂದರೆ ಹೊಸ ಹೋರಾಟದ ಶೈಲಿ, ಪೂರ್ತಿ ಕಥೆ. ಈಗ ಗೇಮ್ ಮಾಡಿದ ಅರೀನಾನೆಟ್ ಕಂಪನಿ ವರ್ಷಕ್ಕೊಂದು ಚಿಕ್ಕ ಎಕ್ಸ್‌ಪಾನ್ಷನ್ ಕೊಡುವ ದಾರಿ ಹಿಡಿದಿದೆ. ಜಾಂಥಿರ್‌ನಲ್ಲಿ ಮೊದಲ ದಿನ ಸಿಕ್ಕಿದ್ದು ಎರಡು ಮ್ಯಾಪ್. ಉಳಿದದ್ದು ಆಮೇಲಿನ ತಿಂಗಳುಗಳಲ್ಲಿ ಕಂತು ಕಂತಾಗಿ ಬಂತು. ಹೊಸ ಎಲೀಟ್ ಸ್ಪೆಷಲೈಸೇಷನ್ ಇಲ್ಲವೇ ಇಲ್ಲ.

ಅದರ ಬದಲು ಬಂದಿರುವುದು ಈಟಿ. ಇಷ್ಟು ವರ್ಷ ಈಟಿ ಅಂದರೆ ನೀರೊಳಗಿನ ಆಯುಧ. ನೀರಿಂದ ಮೇಲೆ ಬಂದರೆ ಅದಕ್ಕೆ ಕೆಲಸವಿರಲಿಲ್ಲ. ಈಗ ಒಂಬತ್ತೂ ಪ್ರೊಫೆಷನ್‌ನವರು ನೆಲದ ಮೇಲೆ ಹಿಡಿಯಬಹುದು. ನನಗೆ ಖುಷಿಯಾಗಿದ್ದು ಎಲ್ಲಿ ಗೊತ್ತಾ? ಗೇಮ್‌ನಲ್ಲಿ ಸಾಮಾನು ಕೂಡಿಡುವ ನನ್ನ ಬ್ಯಾಂಕಿನ ಕೊನೆಯ ಸಾಲಿನಲ್ಲಿ ಒಂದು ಹಳೆಯ ಈಟಿ ಬಿದ್ದಿತ್ತು. ಯಾವಾಗ ಸಿಕ್ಕಿತೋ ನೆನಪಿಲ್ಲ. ಮಾರಲು ಮನಸ್ಸಾಗದೆ ಹಾಗೇ ಇಟ್ಟಿದ್ದೆ. ಅದನ್ನೇ ತೆಗೆದು ಎಲಿಮೆಂಟಲಿಸ್ಟ್ ಕೈಗೆ ಕೊಟ್ಟೆ. ಹೊಸ ಆಯುಧಕ್ಕೆ ಒಂದು ಚಿನ್ನದ ನಾಣ್ಯವನ್ನೂ ಖರ್ಚು ಮಾಡಲಿಲ್ಲ.

ಈ ಈಟಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಎಲಿಮೆಂಟಲಿಸ್ಟ್‌ಗೆ ಇದು ದೂರದಿಂದ ಹೊಡೆಯುವ ಆಯುಧ. ಬೆಂಕಿ, ನೀರು, ಗಾಳಿ, ಮಣ್ಣು ಅಂತ ನಾಲ್ಕು ತತ್ವ. ಪ್ರತಿಯೊಂದಕ್ಕೂ ಒಂದು ಎಚಿಂಗ್ ಸ್ಕಿಲ್ ಇದೆ. ಒತ್ತಿದ ಕೂಡಲೇ ಏನೂ ಸಿಡಿಯುವುದಿಲ್ಲ. ಶತ್ರುವಿನ ಕಾಲ ಕೆಳಗೆ ರಂಗೋಲಿ ಬಿಡಿಸಿದ ಹಾಗೆ ನೆಲದ ಮೇಲೆ ಒಂದು ಗುರುತು ಮೂಡುತ್ತದೆ. ಆಮೇಲೆ ಬೇರೆ ಮೂರು ಸ್ಕಿಲ್ ಬಳಸಬೇಕು. ಅಷ್ಟಾದ ಮೇಲೆ ಮತ್ತೆ ಒತ್ತಿದರೆ ಆ ಗುರುತು ಪೂರ್ತಿ ಬಲದಿಂದ ಏಳುತ್ತದೆ. ಅವಸರ ಮಾಡಿ ಮೊದಲೇ ಒತ್ತಿದರೆ ಸಣ್ಣದು ಮಾತ್ರ ಬರುತ್ತದೆ. ಬೆಂಕಿಯದ್ದು ಜ್ವಾಲಾಮುಖಿ. ನೀರಿನದ್ದಕ್ಕೆ ಯೋಕುಲ್‌ಹ್ಲೌಪ್ ಅಂತ ಹೆಸರು, ಹಿಮನದಿ ಒಡೆದು ನುಗ್ಗುವ ಪ್ರವಾಹಕ್ಕೆ ಐಸ್‌ಲ್ಯಾಂಡ್‌ನವರು ಹೇಳುವ ಮಾತು. ಗಾಳಿಯದ್ದು ಡೆರೇಚೊ, ನೇರ ಸಾಲಿನಲ್ಲಿ ನೂರಾರು ಮೈಲಿ ಬೀಸಿಕೊಂಡು ಹೋಗುವ ಬಿರುಗಾಳಿ. ಮಣ್ಣಿನದ್ದು ಹಬೂಬ್, ಸುಡಾನ್ ಕಡೆ ಏಳುವ ಧೂಳಿನ ಗೋಡೆ. ನಾಲ್ಕೂ ನಿಜವಾದ ಪ್ರಕೃತಿ ವಿಕೋಪಗಳ ಹೆಸರು. ಹೆಸರಿಡುವಾಗ ಯಾರೋ ಕೂತು ಪ್ರೀತಿಯಿಂದ ಯೋಚಿಸಿದ್ದಾರೆ.

ಮೊದಲ ವಾರ ನನಗೆ ಇದು ಕೈಗೆ ಹತ್ತಲಿಲ್ಲ. ನಾನು ಆಡುವುದು ಯುರೋಪಿನ ಸರ್ವರ್‌ನಲ್ಲಿ. ದಾವಣಗೆರೆಯಿಂದ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತು) 150 ಮಿಲಿಸೆಕೆಂಡ್ ಆಚೀಚೆ ಇರುತ್ತದೆ. ಗುರುತು ಬಿಡಿಸಿ, ಮೂರು ಸ್ಕಿಲ್ ಒತ್ತಿ, ತತ್ವ ಬದಲಿಸುವಷ್ಟರಲ್ಲಿ ಬಾಸ್ ಆ ಜಾಗ ಬಿಟ್ಟು ಹೋಗಿರುತ್ತಿತ್ತು. ಎರಡನೇ ವಾರಕ್ಕೆ ಲಯ ಸಿಕ್ಕಿತು. ಬಾಸ್ ಎಲ್ಲಿಗೆ ಬರುತ್ತದೆ ಅಂತ ಮೊದಲೇ ನೋಡಿಕೊಂಡು ಅಲ್ಲಿ ಬಿಡಿಸಬೇಕು. ಈಗ ನಾಲ್ಕು ಗುರುತನ್ನೂ ಸಾಲಾಗಿ ಎಬ್ಬಿಸಿದಾಗ ಸಿಗುವ ಸಮಾಧಾನವೇ ಬೇರೆ. ನಮ್ಮ ಪಿಂಗ್‌ಗೂ ಹೊಂದುವ ಆಯುಧ ಇದು. ಚಕಚಕ ಕೈ ಓಡಿಸುವುದಕ್ಕಿಂತ ಮೊದಲೇ ಅಂದಾಜು ಮಾಡುವವರಿಗೆ ಲಾಭ.

ಎರಡು ಮ್ಯಾಪ್‌ಗಳಲ್ಲಿ ಲೋಲ್ಯಾಂಡ್ ಶೋರ್ ನನಗೆ ತುಂಬಾ ಹಿಡಿಸಿತು. ವಿಶಾಲವಾದ ಹಸಿರು ನೆಲ, ಸಮುದ್ರದ ದಂಡೆ, ಮಧ್ಯೆ ಮಧ್ಯೆ ಕೋಡನ್‌ಗಳ ಹಳ್ಳಿ. ಕೋಡನ್ ಅಂದರೆ ಕರಡಿಯಂಥ ಜನ. ಗೇಮ್‌ನ ಹಳೆಯ ಭಾಗದಲ್ಲಿ ಅವರು ಬಿಳಿ ತುಪ್ಪಳದವರು, ಮಂಜುಗಡ್ಡೆಯ ಮೇಲೆ ತೇಲುವ ಊರುಗಳಲ್ಲಿ ಇರುವವರು, ಮಾತು ಕಡಿಮೆ. ಇಲ್ಲಿನವರು ಬಯಲು ಸೀಮೆಯ ಕೋಡನ್‌ಗಳು. ಬಣ್ಣ ಬೇರೆ, ರೀತಿ ರಿವಾಜು ಬೇರೆ. ಮನೆಗೆ ಬಂದವರನ್ನು ಕೂರಿಸಿ ಮಾತಾಡಿಸುತ್ತಾರೆ, ತಮ್ಮ ತಮ್ಮಲ್ಲೇ ಮುನಿಸಿಕೊಳ್ಳುತ್ತಾರೆ, ಹೊರಗಿನವರನ್ನು ನಂಬಬೇಕೋ ಬೇಡವೋ ಅಂತ ಚರ್ಚೆ ಮಾಡುತ್ತಾರೆ. ಕಥೆ ಇವರ ಜೊತೆ ಇರುವಷ್ಟು ಹೊತ್ತು ಚೆನ್ನಾಗಿದೆ.

ಜಾಂಥಿರ್ ಸಿಂಟ್ರಿ ಇನ್ನೊಂದು ಮ್ಯಾಪ್. ಅಲ್ಲಿ ಮಂಜು, ಮುರ್ಸಾತ್ ಅನ್ನುವ ಪುರಾತನ ಮಾಂತ್ರಿಕ ಜನಾಂಗದ ಕಾಲದ ಕುರುಹುಗಳು, ಟೈಟನ್ ಅನ್ನುವ ದೈತ್ಯರು. 2005ರಲ್ಲಿ ಬಂದ ಮೊದಲ ಗಿಲ್ಡ್ ವಾರ್ಸ್ ಆಡಿದವರಿಗೆ ಜಾಂಥಿರ್ ಅನ್ನುವ ಹೆಸರು ಕೇಳಿದರೇ ಮೈ ಜುಂ ಅನ್ನುತ್ತದೆ. ಆಗ ಬರೀ ಹೆಸರು ಕೇಳುತ್ತಿದ್ದೆವು, ಕಾಲಿಡಲು ಆಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಮೇಲೆ ಆ ನೆಲ ತುಳಿದೆ ಅನ್ನುವುದೇ ನನಗೆ ದೊಡ್ಡದು. ಆದರೆ ಮೊದಲ ಕಂತಿನ ಕಥೆ ಬಿಸಿಯೇರುವ ಹೊತ್ತಿಗೆ ಸರಿಯಾಗಿ ನಿಂತುಬಿಟ್ಟಿತು. ಎರಡು ರಾತ್ರಿ, ಒಂದು ಭಾನುವಾರದಲ್ಲಿ ಮುಗಿಸಿದೆ. ಮುಂದಿನ ಕಂತಿಗೆ ಕಾಯಬೇಕಾಯಿತು. ಇದು ಈ ಎಕ್ಸ್‌ಪಾನ್ಷನ್‌ನ ದೊಡ್ಡ ಕೊರತೆ ಅಂತಲೇ ನನ್ನ ಅಭಿಪ್ರಾಯ. ಕಥೆಗಾಗಿಯೇ ಆಡುವವರು ಮೊದಲ ದಿನವೇ ಕೊಳ್ಳದೆ ಎಲ್ಲ ಕಂತೂ ಬಂದ ಮೇಲೆ ಕೊಂಡರೆ ಒಳ್ಳೆಯದು.

ಸವಾರಿಯ ವಿಷಯ. ವಾರ್‌ಕ್ಲಾ ಅನ್ನುವ ಬೆಕ್ಕಿನ ಜಾತಿಯ ಮೌಂಟ್ 2019ರಲ್ಲೇ ಬಂದಿತ್ತು. ಆದರೆ ಸರ್ವರ್‌ಗಳ ನಡುವಿನ ಯುದ್ಧ ಆಡುವವರನ್ನು ಬಿಟ್ಟರೆ ಬೇರೆಯವರು ಅದನ್ನು ಹತ್ತುತ್ತಿದ್ದುದು ಕಡಿಮೆ. ಈಗ ಅದಕ್ಕೆ ಹೊಸ ಜೀವ ಬಂದಿದೆ. ಉದ್ದಕ್ಕೆ ನೆಗೆಯುತ್ತದೆ, ಎತ್ತರದಿಂದ ಬಿದ್ದರೂ ತಡೆದುಕೊಳ್ಳುತ್ತದೆ, ಹೂತಿಟ್ಟ ನಿಧಿಯನ್ನು ಮೂಸಿ ಹುಡುಕುತ್ತದೆ. ಹಿಂದಿನ ಎಕ್ಸ್‌ಪಾನ್ಷನ್‌ನಲ್ಲಿ ಹಾರುವ ಸ್ಕೈಸ್ಕೇಲ್ ಎಲ್ಲರಿಗೂ ಸುಲಭವಾಗಿ ಸಿಕ್ಕಿದ ಮೇಲೆ ಯಾರೂ ನೆಲ ನೋಡುತ್ತಲೇ ಇರಲಿಲ್ಲ. ಎಲ್ಲರೂ ಆಕಾಶದಲ್ಲೇ. ಅಷ್ಟು ಕಷ್ಟಪಟ್ಟು ಕಟ್ಟಿದ ಊರು, ಕಾಡು ಎಲ್ಲ ಮೇಲಿಂದ ಚುಕ್ಕಿಯ ಹಾಗೆ ಕಾಣುತ್ತಿತ್ತು. ನಿಧಿ ಬೇಕು ಅಂದರೆ ಈಗ ನೆಲದ ಮೇಲೆ ಓಡಬೇಕು. ಓಡುವಾಗ ಹೊಳೆ ಕಾಣುತ್ತದೆ, ದಾರಿಯಲ್ಲಿ ಸಿಕ್ಕವರಿಗೆ ಕೈ ಜೋಡಿಸುತ್ತೀರಿ. ಒಂದು ಸಂಜೆ ಸುಮ್ನೆ ನಿಧಿ ಮೂಸುತ್ತಾ ಹೊರಟವಳು, ಗೊತ್ತಿಲ್ಲದ ಏಳೆಂಟು ಜನರ ಜೊತೆ ದಂಡೆಯುದ್ದಕ್ಕೂ ಒಂದು ಗಂಟೆ ಓಡಿದೆ. ಒಬ್ಬರೂ ಒಂದು ಮಾತು ಟೈಪ್ ಮಾಡಲಿಲ್ಲ. ಯಾರಾದರೂ ನಿಧಿ ಕಂಡರೆ ಅಲ್ಲೇ ಕುಣಿದು ತೋರಿಸುತ್ತಿದ್ದರು, ಅಷ್ಟೇ.

ಈಗ ಹೋಮ್‌ಸ್ಟೆಡ್. ನಿಜ ಹೇಳಬೇಕೆಂದರೆ ಈ ಒಂದು ತಿಂಗಳಲ್ಲಿ ಅರ್ಧ ಹೊತ್ತು ನಾನು ಇದ್ದಿದ್ದು ಇಲ್ಲೇ. ಗಿಲ್ಡ್ ವಾರ್ಸ್ 2ರಲ್ಲಿ ಮೊದಲ ಬಾರಿಗೆ ಆಟಗಾರರಿಗೆ ಸ್ವಂತ ಮನೆ, ಸ್ವಂತ ಜಾಗ. ಹಾರ್ತ್ಸ್ ಗ್ಲೋ ಅಂತ ಅದರ ಹೆಸರು. ಮನೆ ಇದೆ, ಸುತ್ತ ದೊಡ್ಡ ಬಯಲಿದೆ, ನೀರಿದೆ. ಕುರ್ಚಿ, ದೀಪ, ಬೇಲಿ, ಕಲ್ಲು, ಗಿಡ ಎಲ್ಲ ನೀವೇ ಮಾಡಿಕೊಂಡು ಎಲ್ಲಿ ಬೇಕೋ ಅಲ್ಲಿ ಇಡಬಹುದು. ಗಾಳಿಯಲ್ಲೂ ನಿಲ್ಲಿಸಬಹುದು, ಹೇಗೆ ಬೇಕೋ ಹಾಗೆ ತಿರುಗಿಸಬಹುದು. ಮಾಡಲು ಬೇಕಾದ ಮರ, ಲೋಹ, ನಾರು ಎಲ್ಲ ಹಳೆಯ ಸಾಮಾನಿನಿಂದಲೇ ಬರುತ್ತದೆ. ಬ್ಯಾಂಕಿನಲ್ಲಿ ವರ್ಷಗಳಿಂದ ಗುಡ್ಡೆ ಬಿದ್ದಿದ್ದ ದಿಮ್ಮಿ, ಅದಿರು ಎಲ್ಲ ಈಗ ಕೆಲಸಕ್ಕೆ ಬಂತು. ಮೊದಲ ದಿನ ಅಂಗಳ ಸುತ್ತುವಾಗ ಒಂದು ಕಡೆ ನಿಂತುಬಿಟ್ಟೆ. ಗೇಮ್‌ನಲ್ಲಿ ಮೊದಲಿದ್ದ, ನಮ್ಮಿಷ್ಟಕ್ಕೆ ಕಟ್ಟಿಕೊಳ್ಳಲು ಆಗದ 'ಹೋಮ್ ಇನ್‌ಸ್ಟೆನ್ಸ್' ಅನ್ನುವ ಜಾಗಕ್ಕಾಗಿ ಯಾವ್ಯಾವುದೋ ಕಾಲದಲ್ಲಿ ಗಳಿಸಿದ್ದ ಸ್ಫಟಿಕದ ಬಂಡೆ, ಗಣಿ, ಗಿಡ ಎಲ್ಲ ಇಲ್ಲಿಗೂ ಬಂದು ಸಾಲಾಗಿ ನಿಂತಿದ್ದವು. ನಾನು ಮರೆತಿದ್ದೆ, ಗೇಮ್ ಮರೆತಿರಲಿಲ್ಲ.

ನಾನು ಮಾಡಿದ ಮೊದಲ ಕೆಲಸ ಜಗಲಿ ಕಟ್ಟಿದ್ದು. ಜಗಲಿ ಅಂತ ಸಾಮಾನು ಅಲ್ಲಿ ಇಲ್ಲ. ಹಲಗೆ ಪಕ್ಕಕ್ಕೆ ಹಲಗೆ ಜೋಡಿಸಿ, ಕೆಳಗೆ ಕಲ್ಲು ಕೊಟ್ಟು, ಎರಡು ಕಂಬ ನಿಲ್ಲಿಸಿದೆ. ಹಲಗೆಗಳ ಸಂದು ಕೂಡಿಸಲು ಎರಡು ರಾತ್ರಿ ಹಿಡಿಯಿತು. ಒಂದು ಕೂದಲೆಳೆ ಹೆಚ್ಚು ಕಡಿಮೆ ಆದರೂ ಎದ್ದು ಕಾಣುತ್ತದೆ. ಒಂದೇ ಸಲ ಹತ್ತು ಹಲಗೆ ಹಿಡಿದು ಜರುಗಿಸುವ ಸೌಲಭ್ಯ ನನಗೆ ಸಿಗಲಿಲ್ಲ, ಒಂದೊಂದನ್ನೇ ಎತ್ತಿ ಇಡಬೇಕಾಯಿತು. ಅದು ಇದ್ದಿದ್ದರೆ ಮನೆ ಕಟ್ಟುವವರಿಗೆ ತುಂಬಾ ಅನುಕೂಲವಾಗುತ್ತಿತ್ತು.

ಶನಿವಾರ ರಾತ್ರಿ ಜರ್ಮನಿಯಲ್ಲಿರುವ ಚಿಕ್ಕಪ್ಪನ ಮಗ ಪಾರ್ಟಿಗೆ ಸೇರಿದ. ಇಬ್ಬರೂ ಹತ್ತು ವರ್ಷದಿಂದ ಒಟ್ಟಿಗೆ ಆಡುತ್ತೇವೆ. ಹೋಮ್‌ಸ್ಟೆಡ್ ಒಳಗೆ ಕರೆದೆ. ಒಂದು ನಿಮಿಷ ಮೈಕ್‌ನಲ್ಲಿ ಸದ್ದೇ ಇಲ್ಲ.

"ಅಕ್ಕಾ, ಇದು ಅಜ್ಜಿ ಮನೆ ಜಗಲಿ ಅಲ್ವಾ?"

"ಹೂಂ ಕಣೋ. ಕಂಬ ಸ್ವಲ್ಪ ದಪ್ಪ ಆಯ್ತು."

"ಮೆಟ್ಟಿಲು ಎಡಗಡೆ ಇತ್ತು. ನೀನು ಬಲಕ್ಕೆ ಇಟ್ಟಿದ್ದೀಯ."

ಅವನು ಹೇಳಿದ್ದು ಸರಿ. ಆ ಮನೆ ಈಗ ಇಲ್ಲ, ಕೆಡವಿ ಆರು ವರ್ಷವಾಯಿತು. ಮೆಟ್ಟಿಲನ್ನು ಅವತ್ತೇ ಎಡಕ್ಕೆ ಸರಿಸಿದೆ. ಅವನು ಪಕ್ಕದಲ್ಲೇ ನಿಂತು "ಇನ್ನೊಂಚೂರು, ಇನ್ನೊಂಚೂರು" ಅನ್ನುತ್ತಿದ್ದ.

ದೊಡ್ಡ ಗುಂಪಿನ ಈವೆಂಟ್‌ಗಳಲ್ಲಿ ನನ್ನ ಹಳೆಯ ಕಂಪ್ಯೂಟರ್ ಒದ್ದಾಡಿತು. ಬೇರೆಯವರ ಕ್ಯಾರೆಕ್ಟರ್ ಎಷ್ಟು ಕಾಣಬೇಕು ಅನ್ನುವ ಸೆಟ್ಟಿಂಗ್ ಇಳಿಸಿದ ಮೇಲೆ ಸರಿಹೋಯಿತು. ಮಧ್ಯೆ ಮಳೆಗೆ ನಮ್ಮ ಬೀದಿಯ ಕೇಬಲ್ ಕಡಿದು ಮೂರು ದಿನ ನೆಟ್ ಇರಲಿಲ್ಲ. ವಾಪಸ್ ಬಂದಾಗ ಹಿಂದೆ ಬಿದ್ದೆ ಅಂತ ಅನ್ನಿಸಲಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದೆ. ಕೆಲಸ, ಮನೆ, ಮಕ್ಕಳು ಇರುವವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಆಡುವವರಿಗೇ ಗೊತ್ತು. ರೈಡ್ (ಹತ್ತು ಜನ ಗುಂಪಾಗಿ ಆಡುವ ಕಠಿಣ ಹೋರಾಟ) ಆಡುವ ಗೆಳೆಯರು ಮಾತ್ರ ಆಗ ಇನ್ನೂ ಕಾಯುತ್ತಿದ್ದರು. ಅದಕ್ಕೆ ಮೊದಲಿನ ರೈಡ್ ಬಂದಿದ್ದು 2019ರಲ್ಲಿ. ಹೊಸದೊಂದು ಈ ಎಕ್ಸ್‌ಪಾನ್ಷನ್‌ನ ಮುಂದಿನ ಕಂತಿನಲ್ಲಿ, 2024ರಲ್ಲೇ ಬಂತು.

ಹೊಸಬರು ಮೊದಲು ಉಚಿತವಾಗಿ ಸಿಗುವ ಮೂಲ ಗೇಮ್ ಆಡಿ, ಇಷ್ಟವಾದರೆ 'ಪಾತ್ ಆಫ್ ಫೈರ್' ಕೊಳ್ಳಿ, ಇದಕ್ಕೆ ಆಮೇಲೆ ಬನ್ನಿ. ಹಳಬರು, ಅದರಲ್ಲೂ ವರ್ಷಗಟ್ಟಲೆ ಬಿಟ್ಟು ಹೋದವರು, ಈಗಲೇ ತಗೊಳ್ಳಿ. ನಿಮ್ಮ ಬ್ಯಾಂಕ್ ತೆರೆದು ಕೊನೆಯ ಸಾಲು ನೋಡಿ.

ನನ್ನ ಮೊದಲ ಕ್ಯಾರೆಕ್ಟರ್ ಒಬ್ಬಳು ರೇಂಜರ್. 2013ರಲ್ಲಿ ಮಾಡಿದ್ದು. ಎರಡು ವರ್ಷದಿಂದ ಅವಳನ್ನು ತೆರೆದೇ ಇರಲಿಲ್ಲ. ಮೊನ್ನೆ ಅವಳನ್ನು ಹೋಮ್‌ಸ್ಟೆಡ್‌ಗೆ ಕರೆತಂದು, ಜಗಲಿ ಮೇಲೆ ನಿಲ್ಲಿಸಿ ಲಾಗ್ ಔಟ್ ಮಾಡಿದೆ. ಮರುದಿನ ಎಲಿಮೆಂಟಲಿಸ್ಟ್ ಆಗಿ ಒಳಗೆ ಬಂದಾಗ ಅವಳು ಅಲ್ಲೇ ಇದ್ದಳು, ಎಡಗಡೆ ಮೆಟ್ಟಿಲ ಹತ್ತಿರ.