ರೆಡ್ ಆಕ್ಸೈಡ್ ನೆಲದ ಹಾಲಿಗೆ ಕೆನೆಬಣ್ಣವೋ, ಬಾಟಲ್ ಗ್ರೀನೋ? ಕೆಲವು ಮಳೆಗಾಲ ಕಂಡ ಮೇಲಿನ ವಿಮರ್ಶೆ

ಮೈಸೂರಿನ ಹಳೇ ಬಡಾವಣೆಯ ಮನೆ. ಹಾಲಿನ ಮೂರು ಗೋಡೆಗೆ ಕೆನೆಬಣ್ಣ, ಒಂದಕ್ಕೆ ಬಾಟಲ್ ಗ್ರೀನ್. ಎರಡೂ ಒಂದೇ ಕಂಪನಿಯ, ಒಂದೇ ದರ್ಜೆಯ ಮ್ಯಾಟ್ ಎಮಲ್ಷನ್, ಅಂದರೆ ನೀರು ಬೆರೆಸಿ ಹೊಡೆಯುವ, ಹೊಳಪಿಲ್ಲದ ಪೇಂಟ್. ಆದರೂ ಬಾಳಿಕೆಯಲ್ಲಿ ಎರಡರ ದಾರಿಯೇ ಬೇರೆ.

ಬಣ್ಣ ಆರಿಸುವ ಮುಂಚೆ ನೆಲ ನೋಡಿ. ಮಧ್ಯಾಹ್ನದ ಬಿಸಿಲು ಕೆಂಪು ನೆಲಕ್ಕೆ ಬಿದ್ದು ಗೋಡೆಗೆ ಹೊಡೆದಾಗ, ಹಳದಿ ಛಾಯೆಯ ಕೆನೆಯ ಕೆಳಭಾಗ ಪೀಚ್ ಬಣ್ಣದಂತೆ ಕಾಣುತ್ತದೆ. ಅಂಥ ಮನೆಗೆ ತುಸು ಬೂದು ಬೆರೆತ ಕೆನೆಯೇ ಸರಿ. ಹಸಿರು ಕೆಂಪಿಗೆ ಎದುರು ಬಣ್ಣ, ಹಾಗಾಗಿ ನೆಲವೂ ಗೋಡೆಯೂ ಒಂದನ್ನೊಂದು ಎತ್ತಿ ತೋರಿಸುತ್ತವೆ. ಈ ಜೋಡಿ ನಿಜಕ್ಕೂ ಚೆಂದ. ಆದರೆ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬಿಳಿ ಟ್ಯೂಬ್‌ಲೈಟಿನಲ್ಲಿ ಹಸಿರು ಕಳೆಗುಂದುತ್ತದೆ, 3000 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬು ಬೇಕು.

120 ಚದರಡಿ ಗೋಡೆಗೆ ಕೆನೆ ಎರಡು ಕೋಟ್‌ಗೆ ಸುಮಾರು ಒಂದು ಲೀಟರ್ ಸಾಕು. ಹಸಿರಿಗೆ ಮೂರು ಕೋಟ್, ಒಂದೂವರೆ ಲೀಟರ್ ಲೆಕ್ಕ ಹಾಕಿ. ಕಡು ಬಣ್ಣ ಬೆರೆಸುವ ಬೇಸ್‌ನಲ್ಲಿ ಬಿಳಿ ಪಿಗ್ಮೆಂಟ್ ತೀರಾ ಕಡಿಮೆ, ಅದಕ್ಕೇ ಒಳಗಿನ ಪುಟ್ಟಿ ಬೇಗ ಮುಚ್ಚುವುದಿಲ್ಲ. ಪ್ರೈಮರ್‌ಗೆ (ಬಣ್ಣಕ್ಕೆ ಮುಂಚೆ ಹಚ್ಚುವ ತಳ ಲೇಪ) ಬೂದು ಬೆರೆಸಿ ಹೊಡೆಸಿದರೆ ಮೂರನೇ ಕೋಟ್ ಬೇಕಾಗದೇ ಹೋಗಬಹುದು. ಎರಡು ಡಬ್ಬಿ ತಂದಿದ್ದರೆ ಮೊದಲೇ ಒಂದು ಬಕೆಟ್ಟಿಗೆ ಸುರಿದು ಕಲಸಿಕೊಳ್ಳಬೇಕು. ಅಂಗಡಿಯ ಮಷಿನ್ನಿನಲ್ಲಿ ಬೇರೆ ಬೇರೆ ಹೊತ್ತು ಬೆರೆಸಿದ ಕಡು ಬಣ್ಣ ಕೂದಲೆಳೆಯಷ್ಟಾದರೂ ಬೇರೆಯಾಗುತ್ತದೆ.

ಕಡು ಬಣ್ಣದ ದೊಡ್ಡ ಶತ್ರು ತೇವ. ಬಚ್ಚಲಿಗೆ ಅಂಟಿದ ಗೋಡೆಗೆ ಹಸಿರು ಬೇಡವೇ ಬೇಡ. ಗಾರೆಯೊಳಗಿನ ಉಪ್ಪು ನೀರಿನ ಜೊತೆ ಹೊರಬಂದು ಬಿಳಿ ಪುಡಿಯಾಗಿ ಕೂರುತ್ತದೆ. ಕೆನೆಯ ಮೇಲೆ ಅದು ಕಣ್ಣಿಗೆ ಬೀಳುವುದೇ ಕಷ್ಟ, ಹಸಿರಿನ ಮೇಲೆ ಬಾಗಿಲಿನಿಂದಲೇ ಕಾಣುತ್ತದೆ. ದಸರಾಕ್ಕೆ ಮುಂಚೆ ಮುಗಿಸುವ ಅವಸರದಲ್ಲಿ ಹಸಿ ಗೋಡೆಗೆ ಬಣ್ಣ ಹೊಡೆಸುವವರೇ ಹೆಚ್ಚು. ಒಂದಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಮೈಯಲ್ಲಿ ನೀರಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ.

ಕೆನೆಯ ತೊಂದರೆ ಕೊಳೆ: ಸ್ವಿಚ್ ಬೋರ್ಡಿನ ಸುತ್ತ ಬೆರಳಚ್ಚು, ದೇವರ ಮೂಲೆಯಲ್ಲಿ ಊದುಬತ್ತಿಯ ಹೊಗೆ. ಸೋಪು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಗೆ ಬಹುಪಾಲು ಬಿಡುತ್ತದೆ. ಹಸಿರಲ್ಲಿ ಕೊಳೆ ಕಾಣದು, ಆದರೆ ಒರೆಸಿದ ಜಾಗ, ಸೋಫಾ ಉಜ್ಜಿದ ಜಾಗ ಹೊಳಪು ಬಂದು ಪಟ್ಟೆಯಾಗುತ್ತದೆ. ಅಲ್ಲಿಗಷ್ಟೇ ಬ್ರಷ್ ಆಡಿಸಿದರೆ ತೇಪೆಯಂತೆ ಎದ್ದು ಕಾಣುತ್ತದೆ, ಮೂಲೆಯಿಂದ ಮೂಲೆಗೆ ಇಡೀ ಗೋಡೆ ರೋಲರ್ ಹೊಡೆಯಲೇಬೇಕು.

ಕಿಟಕಿಗೆ ಎದುರಿನ, ಒಣಗಿರುವ, ಯಾರೂ ಒರಗದ ಒಂದು ಗೋಡೆ ಇದ್ದರೆ ಹಸಿರು ಹೊಡೆಸಿ. ಅಂಥ ಗೋಡೆ ಇಲ್ಲದಿದ್ದರೆ ನಾಲ್ಕಕ್ಕೂ ಕೆನೆಯೇ ಇರಲಿ.